ಮಾಳಿಗೆಯ ಮಣ್ಣು

ಮಾಳಿಗೆಯಿಂದ ಒಟ್ಟು 11 ಟ್ರಾಲಿ ಮಣ್ಣು ಇಳಿಯಿತು. ಹನ್ನೆರಡನೆಯದೂ ಅರ್ಧ ತುಂಬುತ್ತಿತ್ತು, ಅವ್ವ ತಡೆದಳು. "ಅಷ್ಟು ಹಿತ್ತಲದಾಗ ಸುರುವ್ರಿ. ನಿಮ್ಮಜ್ಜ ಹೊತ್ತ ಮಣ್ಣದ ಅದು."

ಅಜ್ಜ ಹೊತ್ತದ್ದು, ಅಪ್ಪ ಹೊತ್ತದ್ದು, ನಾಲ್ಕಾರು ಬೇಸಿಗೆ ನಾನೂ ಬುಟ್ಟಿಯಲ್ಲಿ ಹೊತ್ತದ್ದು. ನಮ್ಮ ಕಡೆಯ ಮನೆಗಳನ್ನು ಕಂಡವರಿಗೆ ಗೊತ್ತಿರುತ್ತದೆ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಜಂತಿಯ ಮೇಲೆ ಚಿಲಕೆ, ಅದರ ಮೇಲೆ ತೊಗರಿ ಕಟ್ಟಿಗೆ, ಬೇವಿನ ಸೊಪ್ಪು. ಎಲ್ಲಕ್ಕೂ ಮೇಲೆ ಮಣ್ಣು. ಎರಿ ಮಣ್ಣಲ್ಲ, ಕರ್ಲು ಮಣ್ಣು. ನಾಲಿಗೆಗೆ ತಾಗಿಸಿದರೆ ಸವಳು. ಈ ಮಣ್ಣಿನ ಉಪ್ಪು ನೀರು ಬಿದ್ದ ಕೂಡಲೇ ಜೇಡಿಯ ಕಣಗಳನ್ನು ಬಿಡಿಸಿ ಸಂದುಗೊಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ, ಆಮೇಲೆ ಮಳೆ ಒಳಗಿಳಿಯುವುದಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಮೇಲಿನ ಒಂದು ಪದರ ತೊಳೆದು ಹೋಗಿ ಅಲ್ಲಲ್ಲಿ ಸೀಳು ಬಿಟ್ಟಿರುತ್ತಿತ್ತು. ಅದಕ್ಕೆ ಪ್ರತಿ ವರ್ಷ ರೋಹಿಣಿ ಮಳೆಗಿಂತ ಮೊದಲು ಹೊಸ ಮಣ್ಣು ಹೊತ್ತು ಹಾಕಿ, ನೀರು ಚಿಮುಕಿಸಿ, ಕೊಡತಿಯಿಂದ ಬಡಿಯುವುದು. ತೊಳೆದು ಹೋದದ್ದು ನಾಲ್ಕು ಬುಟ್ಟಿ, ಹಾಕಿದ್ದು ಹತ್ತು ಬುಟ್ಟಿ. ಉಳಿದ ಆರು ಬುಟ್ಟಿಯ ಲೆಕ್ಕ ಯಾರೂ ಇಡಲಿಲ್ಲ. ಮನೆಯ ಮೇಲೆ ಪ್ರೀತಿ ಇದ್ದವನು ಹೆಚ್ಚು ಹಾಕುತ್ತಿದ್ದ. ನನ್ನಜ್ಜನಿಗೆ ಬಹಳ ಪ್ರೀತಿ ಇತ್ತು.

ಬಿಚ್ಚಿದಾಗ ಅಳೆದೆವು. ನಡುವೆ ಎರಡೂವರೆ ಅಡಿ ದಪ್ಪ. ಐದು ಅಂಕಣದ ಮನೆ, ಉದ್ದ 30 ಅಡಿ, ಅಗಲ 16. ಒಂದು ಘನ ಅಡಿ ಬಡಿದ ಮಣ್ಣು ಕಡಿಮೆ ಅಂದರೂ 45 ಕಿಲೋ ತೂಗುತ್ತದೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂಡಿಸಿ ಕಳೆದ ಕೈ ಸುಮ್ಮನಿರಲಿಲ್ಲ. ಸಿಮೆಂಟು ಚೀಲದ ಹಿಂಬದಿಗೆ ಬರೆದು ಗುಣಿಸಿದೆ. ಐವತ್ತು ಟನ್ನಿಗೂ ಮೇಲೆ. ಅದರ ಕೆಳಗೆ ನಾವು ಆಡಿದ್ದೆವು, ಉಂಡಿದ್ದೆವು, ತೊಟ್ಟಿಲು ಕಟ್ಟಿದ್ದೆವು.

ಇದೆಲ್ಲ ಶುರುವಾದದ್ದು ಒಂದು ಹೊಟ್ಟೆಕಿಚ್ಚಿನಿಂದ. ಮಂಗಳೂರಿನಲ್ಲಿ ನನ್ನ ಪಕ್ಕದ ಕೌಂಟರಿನಲ್ಲಿದ್ದ ಗೆಳೆಯ ನಿವೃತ್ತನಾದ ಮೇಲೆ ಉಳ್ಳಾಲದ ಕಡೆ, ಕಡಲಿಗೆ ಮುಖ ಮಾಡಿದ ಒಂದು ಹಳೆ ಹೆಂಚಿನ ಮನೆ ಕೊಂಡು ರಿಪೇರಿ ಮಾಡಿಸಿದ. ಗೃಹಪ್ರವೇಶಕ್ಕೆ ಹೋಗಿದ್ದೆ. ಜಗಲಿಯಲ್ಲಿ ಕೂತರೆ ತೆರೆ ಕಾಣುತ್ತದೆ, ರಾತ್ರಿ ಅದೇ ಸದ್ದಿಗೆ ನಿದ್ದೆ. ಉಪ್ಪುಗಾಳಿಗೆ ಕಿಟಕಿಯ ಸರಳು ವರ್ಷಕ್ಕೊಮ್ಮೆ ತುಕ್ಕು ಹಿಡಿಯುತ್ತದೆ ಎಂದು ಅವನು ಗೊಣಗಿದ್ದು ಕೂಡ ನನಗೆ ಸುಖದ ಮಾತಾಗಿಯೇ ಕೇಳಿಸಿತು. ಊಟ ಮಾಡುತ್ತ, "ನಿಮ್ಮೂರಲ್ಲೂ ಹಳೆ ಮನೆ ಇದೆಯಲ್ಲ ಮಾರಾಯ, ಅದನ್ನು ಏನು ಮಾಡಿದಿ?" ಎಂದು ಕೇಳಿದ. ಬೀಗ ಹಾಕಿದೆ ಎಂದೆ. ಎಷ್ಟು ವರ್ಷದಿಂದ? ಇಪ್ಪತ್ತೈದು.

ನಮ್ಮೂರಿರುವುದು ನಿಲಂಗಾ ತಾಲೂಕಿನಲ್ಲಿ, ಕಾಸಾರ ಸಿರಸಿಗೂ ಔರಾದ ಶಹಾಜನಿಗೂ ನಡುವೆ ಎಲ್ಲೋ ಒಂದು ಕಡೆ. ಸಮುದ್ರ ದೂರದ ಮಾತು, ಕುಡಿಯುವ ನೀರೇ ನೆಟ್ಟಗಿಲ್ಲದ ಸೀಮೆ. 2016ರ ಏಪ್ರಿಲಿನಲ್ಲಿ ಮಿರಜದಿಂದ ರೈಲಿನ ವ್ಯಾಗನ್ನುಗಳಲ್ಲಿ ನೀರು ತರಿಸಿಕೊಂಡ ಲಾತೂರ ಜಿಲ್ಲೆ ನಮ್ಮದು. ಅಜ್ಜಿಗೆ ಸಮುದ್ರ ಅಂದರೆ ತೇರಣಾ ಹೊಳೆಗೆ ನೆರೆ ಬಂದಾಗ ಕಾಣುವ ಕೆಂಪು ನೀರು. ಆ ಹೊಳೆ ಔರಾದಿನ ಹತ್ತಿರ ಮಾಂಜ್ರಾವನ್ನು ಸೇರುವ ಜಾಗಕ್ಕೆ ಒಮ್ಮೆ ಹೋಗಿಬಂದವಳು ಸಾಯುವ ತನಕ ಕಾಶಿಗೆ ಹೋಗಿಬಂದವರ ಗತ್ತಿನಲ್ಲಿ ಮಾತಾಡುತ್ತಿದ್ದಳು.

ಮನೆ ನಿಂತಲ್ಲೇ ನಿಂತಿತ್ತು, ರಾಜ್ಯಗಳು ಅದರ ಮೇಲೆ ಹಾದುಹೋದವು. ನಡುಮನೆಯ ತೊಲೆಯ ಮೇಲೆ ಬಡಿಗ ಕೆತ್ತಿದ್ದು ಫಸಲಿ 1331, ಅಂದರೆ 1921-22. ಆಗ ನಿಜಾಮನ ಸಂಸ್ಥಾನ. 1956ಕ್ಕೆ ಮುಂಬೈ ರಾಜ್ಯ, 1960ಕ್ಕೆ ಮಹಾರಾಷ್ಟ್ರ. ಜಿಲ್ಲೆ ಉಸ್ಮಾನಾಬಾದ್ ಇದ್ದದ್ದು 1982ಕ್ಕೆ ಲಾತೂರಾಯಿತು. ಪಕ್ಕದ ಉಮರ್ಗಾ ಮಾತ್ರ ಹಳೆ ಜಿಲ್ಲೆಯಲ್ಲೇ ಉಳಿಯಿತು, ಆ ಜಿಲ್ಲೆ ಈಗ ಧಾರಾಶಿವ ಎನಿಸಿಕೊಳ್ಳುತ್ತಿದೆ. ಅಜ್ಜನ ಕಾಗದಪತ್ರ ಉರ್ದುವಿನಲ್ಲಿ, ನನ್ನ ಶಾಲೆ ಮರಾಠಿಯಲ್ಲಿ, ಬೈಗುಳ ಮಾತ್ರ ಮೂರು ತಲೆಮಾರಿಗೂ ಕನ್ನಡದಲ್ಲಿ. ನಾನು ಕನ್ನಡ ಅಕ್ಷರ ಕಲಿತದ್ದೇ ಬಸವಕಲ್ಯಾಣದ ಸೋದರಮಾವನ ಮನೆಯಲ್ಲಿ, ಹದಿನಾರನೇ ವಯಸ್ಸಿಗೆ. ಇದನ್ನು ಓದುವ ಧಾರವಾಡದ ಪಂಡಿತರು ತಪ್ಪುಗಳನ್ನು ಆ ಲೆಕ್ಕಕ್ಕೆ ಹಾಕಿಕೊಳ್ಳಬೇಕು.

ಅಂಕಣ ಎನ್ನುವ ಮಾತು ಪತ್ರಿಕೆಯವರು ಬರೆಯುವ ಅಂಕಣಕ್ಕೆ ಹೋದದ್ದು ಹೇಗೋ ತಿಳಿಯದು. ನಮಗೆ ಅಂಕಣವೆಂದರೆ ಎರಡು ಕಂಬಗಳ ನಡುವಿನ ಜಾಗ. ಮನೆಯನ್ನು ಅಡಿಯಲ್ಲಿ ಅಳೆಯುವುದಲ್ಲ, ಅಂಕಣದಲ್ಲಿ ಅಳೆಯುವುದು. ಮರಾಠಿಯವರು ಅದನ್ನೇ ಖಣ ಎನ್ನುತ್ತಾರೆ. ಹೆಣ್ಣು ಕೊಡುವವರು ಬಂದರೆ ಹೊಲ ಎಷ್ಟು ಎಕರೆ, ಮನೆ ಎಷ್ಟು ಅಂಕಣ ಎಂದು ಕೇಳುತ್ತಿದ್ದರು.

1993ರ ಸೆಪ್ಟೆಂಬರ್ 30, ಬೆಳಗಿನ ಜಾವ 3 ಗಂಟೆ 56 ನಿಮಿಷ. ಅನಂತ ಚತುರ್ದಶಿಯ ಗಣಪತಿಯನ್ನು ಹೊಳೆಗೆ ಬಿಟ್ಟು ಜನ ಆಗಷ್ಟೇ ಮಲಗಿದ್ದರು. ಭೂಕಂಪವಾದ ಕಿಲ್ಲಾರಿ ನಮ್ಮೂರಿನಿಂದ ದೂರವೇನಲ್ಲ. ಅದಕ್ಕೆ ಒಂದು ವರ್ಷ ಮುಂಚೆ, 1992ರಲ್ಲಿ, ಅಲ್ಲಿ ನೆಲದೊಳಗೆ ಗುಡುಗಿ ಸಣ್ಣಗೆ ಅದುರಿದ್ದುಂಟು. ಆದರೂ ಭೂಕಂಪದ ಆಗಿನ ಸರಕಾರಿ ನಕ್ಷೆಯಲ್ಲಿ ನಮ್ಮದು ಅತಿ ಕಡಿಮೆ ಅಪಾಯದ ಒಂದನೇ ವಲಯ. ಕೋಟಿಗಟ್ಟಲೆ ವರ್ಷದ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ಕರಿಗಲ್ಲಿನ ನೆಲ, ಇದು ಅಲುಗುವುದೇ ಇಲ್ಲ ಎಂಬ ನಂಬಿಕೆ. ಕಂಪನದ ಪ್ರಮಾಣ ಆರಕ್ಕಿಂತ ತುಸು ಹೆಚ್ಚು, ಅಷ್ಟೇ. ಅಷ್ಟಕ್ಕೆ ಸುಮಾರು 10,000 ಜನ ಸತ್ತರು. ನೆಲ ಕೊಂದದ್ದಕ್ಕಿಂತ ಮನೆ ಕೊಂದದ್ದು ಹೆಚ್ಚು.

ನಾನು ಮಂಗಳೂರಿನಲ್ಲಿದ್ದೆ. ರೇಡಿಯೋದಲ್ಲಿ ಕೇಳಿ, ಮೂರು ಬಸ್ಸು ಬದಲಿಸಿ ಉಮರ್ಗಾ ಮುಟ್ಟಿದಾಗ ಎರಡು ದಿನ ಕಳೆದಿತ್ತು. ನಮ್ಮ ಮನೆಯಲ್ಲಿ ಯಾರೂ ಸಾಯಲಿಲ್ಲ. ಹಿಂದಿನ ಗೋಡೆಯ ಹೊರಮೈ ಕಳಚಿ ಹಿತ್ತಲಿಗೆ ಬಿದ್ದಿತ್ತು, ಅಂಗಿಯ ಮೇಲಿನ ಕೋಟು ಬಿಚ್ಚಿಟ್ಟಂತೆ. ಒಳಮೈ, ಕಂಬ, ಮಾಳಿಗೆ ಹಾಗೇ ನಿಂತಿದ್ದವು. ಆದರೆ ಸಾಸ್ತೂರಿನ ಕಡೆ ಕೊಟ್ಟಿದ್ದ ನಮ್ಮ ಸೋದರತ್ತೆಯ ಮನೆಯಲ್ಲಿ ಒಬ್ಬರೂ ಉಳಿಯಲಿಲ್ಲ. ಅವ್ವ ಅಪ್ಪನ ಜೊತೆ ಅಲ್ಲಿಗೆ ಹೋಗಿದ್ದಳು. ಅಲ್ಲಿ ಏನು ನೋಡಿದಳು ಎಂದು ಇವತ್ತಿನ ತನಕ ಹೇಳಿಲ್ಲ, ನಾನೂ ಕೇಳಿಲ್ಲ. ಬಂದವಳು ಮನೆಯೊಳಗಿನ ಹಾಸಿಗೆ, ಒಲೆ, ಜಗುಲಿಯ ದೇವರನ್ನು ಅಂಗಳಕ್ಕೆ ತಂದಳು. ಅಪ್ಪ ಅಂಗಳದಲ್ಲಿ ತಗಡಿನ ಒಂದು ಕೋಣೆ ಹಾಕಿಸಿದ. ಆ ಕೋಣೆಯಲ್ಲೇ 2004ರಲ್ಲಿ ತೀರಿಕೊಂಡ.

ಸರಕಾರ 52 ಹಳ್ಳಿಗಳನ್ನು ಹೊಸದಾಗಿ ಕಟ್ಟಿಕೊಟ್ಟಿತು. ಭೂಮಿ ಇಲ್ಲದವರಿಗೆ 250 ಚದರಡಿ, ಇದ್ದವರಿಗೆ 400, ಹೆಚ್ಚಿದ್ದವರಿಗೆ 750. ಓಣಿಗಳು ಪಟ್ಟಿ ಇಟ್ಟು ಗೆರೆ ಎಳೆದಂತೆ. ಉಳಿದ ಹಳ್ಳಿಗಳ ಹಳೆ ಮನೆಗಳನ್ನು ಬಲಪಡಿಸಿಕೊಳ್ಳಲು ಹಣ ಸಿಕ್ಕಿತು. ನಮ್ಮೂರಲ್ಲಿ ಬಹಳ ಮಂದಿ ಆ ಹಣದಲ್ಲಿ ಹಳೆ ಮನೆಯ ಪಕ್ಕ ಇಟ್ಟಿಗೆ-ಸಿಮೆಂಟಿನ ಒಂದು ಹೊಸ ಖೋಲಿ ಕಟ್ಟಿದರು, ಹಳೆಯದಕ್ಕೆ ಬೀಗ ಜಡಿದರು. ಯಾರನ್ನು ದೂರುವುದು? ಕಲ್ಲಿಗೆ ಹೆದರಿದ್ದರು. ಆಮೇಲೆ ಹೈದರಾಬಾದಿನ ಕಡೆಯಿಂದ ವ್ಯಾಪಾರಿಗಳು ಬಂದು ಕೆತ್ತನೆಯ ಬಾಗಿಲು, ಸಾಗವಾನಿ ಕಂಬಗಳನ್ನು ಸೌದೆಯ ಬೆಲೆಗೆ ಲಾರಿಯಲ್ಲಿ ಹೇರಿಕೊಂಡು ಹೋದರು. ನಮ್ಮ ತಲಬಾಗಿಲು ಉಳಿದದ್ದು ಅಪ್ಪನ ಹಠದಿಂದ. ಒಳಗೆ ಹೋಗಲು ಅವನಿಗೂ ಧೈರ್ಯವಿರಲಿಲ್ಲ, ಮಾರಲು ಮನಸ್ಸೂ ಇರಲಿಲ್ಲ.

2018ರ ಕೊನೆಗೆ ನಿವೃತ್ತನಾಗಿ ಬಂದು ಬೀಗ ತೆಗೆದೆ. ಬಾವಲಿಗಳು ಹಾರಿದವು. ಪಡಸಾಲೆಯಲ್ಲಿ ಇಲಿ ಬಗೆದ ಮಣ್ಣಿನ ಗುಡ್ಡೆ, ನಡುಮನೆಯ ಕಂಬಕ್ಕೆ ಗೆದ್ದಲಿನ ಗೆರೆ. ಒಂದು ಮೂಲೆಯ ಬೆಳಕಿಂಡಿಯಿಂದ ಬಿಸಿಲಿನ ಕೋಲು ಬಿದ್ದಿತ್ತು, ಧೂಳು ಅದರೊಳಗೆ ಮೆಲ್ಲಗೆ ತಿರುಗುತ್ತಿತ್ತು. ಹುಡುಗನಿದ್ದಾಗ ಆ ಕೋಲು ಯಾವ ಕಂಬ ಮುಟ್ಟಿದರೆ ಶಾಲೆಗೆ ಹೊರಡಬೇಕು ಎಂದು ಗೊತ್ತಿತ್ತು. ನೋಡಿದೆ, ಹೊತ್ತು ಒಂಬತ್ತೂವರೆ.

ರಿಪೇರಿ ಮಾಡಿಸುತ್ತೇನೆ ಎಂದಾಗ ಅವ್ವ ಏನೂ ಅನ್ನಲಿಲ್ಲ. ಎರಡು ದಿನ ಬಿಟ್ಟು ರೊಟ್ಟಿ ಬಡಿಯುತ್ತ, ನನ್ನ ಮುಖ ನೋಡದೆ ಹೇಳಿದಳು: "ಚಂದ ಕಾಣತದ ನಿನಗ. ನೀ ಇರಲಿಲ್ಲಲ್ಲ."

ಆ ಮಾತು ಇಡೀ ಕೆಲಸದ ಮೇಲೆ ತೂಗುತ್ತಿತ್ತು. ಕಂಬದ ಕೆತ್ತನೆ ಸವರಿದಾಗ, ತಣ್ಣನೆಯ ನೆಲದ ಮೇಲೆ ಕಾಲಿಟ್ಟಾಗ, ಉಳ್ಳಾಲದ ಗೆಳೆಯನಿಗೆ ಫೋಟೊ ಕಳಿಸಿದಾಗ, ನೀ ಇರಲಿಲ್ಲಲ್ಲ. ಹಳೆ ಮನೆಯ ಚಂದದ ಬಗ್ಗೆ ಬರೆಯುವ ನಮ್ಮಂಥವರು ಬಹಳ ಮಂದಿ ಆ ರಾತ್ರಿ ಬೇರೆಲ್ಲೋ ಇದ್ದವರೇ.

ಗೌಂಡಿ ಸಿಕ್ಕಿದ್ದು ಕಾಸಾರ ಸಿರಸಿಯ ಕಡೆಯ ಎಪ್ಪತ್ತರ ಮುದುಕ. ಜೊತೆಗೆ ನಿಲಂಗಾದ ಒಬ್ಬ ನಿವೃತ್ತ ಓವರ್‌ಸಿಯರ್. ಭೂಕಂಪದ ನಂತರದ ವರ್ಷಗಳಲ್ಲಿ ಹಳ್ಳಿ ಹಳ್ಳಿ ತಿರುಗಿ ಗೋಡೆ ಬಲಪಡಿಸುವುದನ್ನು ಕಲಿಸಿದವರು. ಇಬ್ಬರಿಗೂ ಮೊದಲ ದಿನದಿಂದಲೇ ಆಗಿಬರಲಿಲ್ಲ. ಒಬ್ಬನ ದೇವರು ಸುಣ್ಣ, ಇನ್ನೊಬ್ಬನ ದೇವರು ಕಬ್ಬಿಣ. ನಡುವೆ ನಾನು, ಇಬ್ಬರಿಗೂ ಚಹಾ ಕೊಡುವ ಪೂಜಾರಿ.

ಓವರ್‌ಸಿಯರ್ ನನ್ನನ್ನು ಹಿತ್ತಲಿಗೆ ಕರೆದೊಯ್ದು ಒಡೆದ ಗೋಡೆಯನ್ನು ಪುಸ್ತಕದಂತೆ ಓದಿ ಹೇಳಿದರು. ಎರಡೂವರೆ ಅಡಿ ದಪ್ಪದ ಗೋಡೆ, ನೋಡಲು ಕೋಟೆ. ಆದರೆ ಅದು ಒಂದು ಗೋಡೆಯಲ್ಲ, ಎರಡು. ಹೊರಗೊಂದು ಕಲ್ಲಿನ ಮೈ, ಒಳಗೊಂದು ಕಲ್ಲಿನ ಮೈ, ನಡುವೆ ಕೆಸರು ಮತ್ತು ಚೂರುಗಲ್ಲು ತುಂಬಿದ್ದು. ಎರಡಕ್ಕೂ ನಂಟಿಲ್ಲ. ನೆಲ ಅಲುಗಿದರೆ ನಡುವಿನ ಚೂರು ಕೆಳಗೆ ಕುಸಿದು ಬೆಣೆ ಹೊಡೆದಂತೆ ಎರಡನ್ನೂ ಆಚೆ ಈಚೆ ದಬ್ಬುತ್ತದೆ. ಗೋಡೆ ಹೋದ ಮೇಲೆ ಮಾಳಿಗೆಯ ಐವತ್ತು ಟನ್ನಿಗೆ ಎಲ್ಲಿದೆ ಆಸರೆ? ನಮ್ಮ ಮನೆ ಉಳಿದದ್ದು ಭಾರ ಪೂರ್ತಿ ಕಂಬಗಳ ಮೇಲಿದ್ದುದರಿಂದ. ಗೋಡೆ ಬಿದ್ದರೂ ಮರದ ಕಟ್ಟು ನಿಂತಿತ್ತು. ಸಾಗವಾನಿ ತರಿಸಲು ಹಣವಿಲ್ಲದೆ ಜಂತಿಯ ತುದಿಯನ್ನು ನೇರ ಗೋಡೆಯೊಳಗೆ ಹೂಳಿದ ಬಡವರ ಮನೆಗಳು ಮೊದಲು ಕೂತವು.

"ಮೊದಲಿನವ್ರಿಗೆ ಇದು ಗೊತ್ತಿರಲಿಲ್ಲೇನು?" ಎಂದೆ. ಗೌಂಡಿ ಸಿಟ್ಟಿನಿಂದ ಉತ್ತರಿಸಿದ. "ಗೊತ್ತಿತ್ರಿ. ಆರ್‌ಪಾರ್ ಕಲ್ಲು ಅಂತಿದ್ದರು. ಗ್ವಾಡಿಯ ಎರಡೂ ಮೈ ಮುಟ್ಟೋ ಉದ್ದನ್ನ ಕಲ್ಲು. ನಮ್ಮಜ್ಜ ಹಚ್ಚತಿದ್ದ. ಆಮ್ಯಾಲ ಉದ್ದ ಕಲ್ಲು ತುಟ್ಟಿ ಆತು, ಕೆಲಸ ಗುತ್ತಿಗಿ ಆತು." ಅದನ್ನು ಕೇಳಿ ನಮ್ಮ ಮನೆಯ ಗೋಡೆ ತಡಕಿದೆ. ಮುಂದಿನ ಗೋಡೆಯಲ್ಲಿ, ಬಾಗಿಲಿನ ಎರಡೂ ಪಕ್ಕ, ಕಾಣುವ ಕಡೆ ಅಂಥ ಕಲ್ಲುಗಳಿದ್ದವು. ಹಿಂದಿನ ಗೋಡೆಯಲ್ಲಿ ಒಂದೂ ಇರಲಿಲ್ಲ. ಪ್ರೀತಿಯ ಜೊತೆಗೆ ಅಜ್ಜನಿಗೆ ಜಿಪುಣತನವೂ ಇತ್ತು ಎಂದು ಸತ್ತು ಐವತ್ತು ವರ್ಷದ ಮೇಲೆ ಗೊತ್ತಾಯಿತು.

ಬಿದ್ದ ಮೈಯನ್ನು ಉದ್ದ ಕಲ್ಲಿಟ್ಟು ಮತ್ತೆ ಕಟ್ಟಿದೆವು. ಬೀಳದ ಗೋಡೆಗಳಲ್ಲಿ ಮೂರು ಮೂರು ಅಡಿಗೆ ಒಂದೊಂದು ಕಲ್ಲನ್ನು ಮೆಲ್ಲಗೆ ಅಲುಗಿಸಿ ತೆಗೆದು, ಆಚೆ ಬದಿಯ ತನಕ ತೂತು ಬಗೆದು, ಎರಡು ಕಡೆ ಕೊಕ್ಕೆ ಬಾಗಿಸಿದ ಸರಳನ್ನು ಇಟ್ಟು ಕಾಂಕ್ರೀಟು ತುಂಬಿದೆವು. ಆರ್‌ಪಾರ್ ಕಲ್ಲಿನ ಬದಲಿಗೆ ಆರ್‌ಪಾರ್ ಸಿಮೆಂಟು. ಬಾಗಿಲ ಮೇಲ್ಮಟ್ಟದಲ್ಲಿ ಒಳಗೂ ಹೊರಗೂ ಕಬ್ಬಿಣದ ಜಾಳಿಗೆ ಬಿಗಿದು ಪಟ್ಟಿ ಎಳೆದೆವು, ಬಾಣಂತಿಯ ಸೊಂಟಕ್ಕೆ ಪಟ್ಟಿ ಕಟ್ಟಿದಂತೆ. ಗೌಂಡಿಗೆ ಇದು ಅಪಚಾರ. ಮೂರು ದಿನ ಬರಲಿಲ್ಲ. ಹಳೆಯದನ್ನು ಹಳೆಯದಾಗಿಯೇ ಉಳಿಸಬೇಕು, ಸಿಮೆಂಟು ಸೋಕಬಾರದು ಎನ್ನುವ ಮಡಿವಂತರು ಪಟ್ಟಣದಲ್ಲೂ ಇದ್ದಾರೆ. ಅವರು ಬರೆದದ್ದನ್ನು ನಾನೂ ಓದಿದ್ದೆ. ಅವರಿಗೆ ಮಲಗಲು ಬೇರೆ ಮನೆ ಇರುತ್ತದೆ.

ಸಿಮೆಂಟಿನ ಪಾಪವೂ ನಮ್ಮ ಮನೆಯಲ್ಲಿತ್ತು. ತಮ್ಮ ಯಾವಾಗಲೋ ಮುಂದಿನ ಗೋಡೆಯ ಬುಡಕ್ಕೆ ನಾಲ್ಕು ಅಡಿ ಎತ್ತರ ಸಿಮೆಂಟಿನ ಗಿಲಾವು ಮಾಡಿಸಿದ್ದ, ಚೊಕ್ಕ ಕಾಣಲಿ ಎಂದು. ಕೆತ್ತಿದರೆ ಹಿಂದಿನ ಮಣ್ಣು ಅಂಬಲಿ. ನೆಲದ ತೇವ ಮೇಲೇರಿ ಹೊರಬರಲು ದಾರಿಯಿಲ್ಲದೆ ಗೋಡೆಯೊಳಗೇ ಕೂತಿತ್ತು. ಅದನ್ನು ತೋರಿಸಿದಾಗ ಗೌಂಡಿ ಓವರ್‌ಸಿಯರರ ಮುಖ ನೋಡಿದ ನೋಟ ನಾನು ಮರೆಯಲಾರೆ. ಗಿಲಾವು ಸುಣ್ಣದ್ದೇ ಆಗಬೇಕೆಂದು ತೀರ್ಮಾನವಾಯಿತು.

ಸುಣ್ಣ ಹುಡುಕುತ್ತ ಉದಗೀರಕ್ಕೆ ಹೋದೆವು. ಒಂದು ಅಂಗಡಿಯಲ್ಲಿ ಸುಣ್ಣ ಎಂದರೆ ಎಲೆಯಡಿಕೆಯ ಡಬ್ಬಿ ತೋರಿಸಿದರು. ಕೊನೆಗೆ ಹಳೆ ಬಜಾರಿನಲ್ಲಿ ಸುಟ್ಟ ಸುಣ್ಣದ ಗಟ್ಟಿ ಸಿಕ್ಕಿತು. ಅಷ್ಟು ದೂರ ಬಂದದ್ದಕ್ಕೆ ಗೌಂಡಿಯನ್ನು ಕೋಟೆಗೆ ಕರೆದೊಯ್ದೆ. 1760ರ ಫೆಬ್ರವರಿಯಲ್ಲಿ ಸದಾಶಿವರಾವ್ ಭಾವು ಇಲ್ಲಿ ನಿಜಾಮನ ಸೈನ್ಯವನ್ನು ಸೋಲಿಸಿದ, ಮುಂದಿನ ಜನವರಿಯಲ್ಲಿ ಪಾಣಿಪತದಲ್ಲಿ ಸತ್ತ ಎಂದು ಹೇಳತೊಡಗಿದೆ. ಅವನಿಗೆ ಭಾವೂ ಬೇಡ, ನಿಜಾಮನೂ ಬೇಡ. ಒಂದು ಕಮಾನಿನ ಕೆಳಗೆ ನಿಂತು ಹಳೆ ಗಚ್ಚನ್ನು ಉಗುರಿನಿಂದ ಕೆರೆದ, ಬೆರಳಿನಿಂದ ತಟ್ಟಿ ಕಿವಿಗೊಟ್ಟ, ನೆಕ್ಕಿದ. "ಬೆಲ್ಲ ಹಾಕ್ಯಾರ" ಎಂದ. ನೂರಾರು ವರ್ಷದ ಬೆಲ್ಲ ಈಗ ನಾಲಿಗೆಗೆ ಸಿಗುವುದು ಹೇಗೆ ಎಂದು ಕೇಳಲಿಲ್ಲ.

ಹಿತ್ತಲಲ್ಲಿ ಗುಂಡಿ ತೋಡಿ ಸುಣ್ಣ ನೆನೆಹಾಕಿದೆವು. ಕುದಿಯುವ ಸದ್ದಿಗೆ ಓಣಿಯ ಮಕ್ಕಳೆಲ್ಲ ಬಂದರು. ಮೂರು ವಾರ ಬಿಟ್ಟು, ಮರಳು ಸೇರಿಸಿ, ಬೆಲ್ಲದ ನೀರು, ಕುಟ್ಟಿ ನೆನೆಸಿದ ಅಳಲೆಕಾಯಿಯ ರಸ ಹಾಕಿ ಅರೆಯಬೇಕು. ಎತ್ತು ಸುತ್ತುವ ಗಾಣ ಈಗೆಲ್ಲಿ? ಎತ್ತೇ ಇಲ್ಲ. ಕಾಂಕ್ರೀಟು ಕಲೆಸುವ ಮಿಕ್ಸರಿಗೆ ಹಾಕಿ ಎರಡೆರಡು ತಾಸು ತಿರುಗಿಸಿದೆವು. ಗೌಂಡಿ ಮುಖ ತಿರುವಿದ, ಆದರೆ ಗಾರೆ ಕರಣೆಗೆ ಬೆಣ್ಣೆಯಂತೆ ಹತ್ತಿದಾಗ ಸುಮ್ಮನಾದ. ನೆಲಕ್ಕೆ ಶಹಾಬಾದ್ ಕಲ್ಲು. ಅದರಲ್ಲಿ ಜಗಳವಿರಲಿಲ್ಲ.

ಮಾಳಿಗೆಯ ಕೆಲಸ ಮಾತ್ರ ಓಡುವ ಕೆಲಸ. 2019ರ ಏಪ್ರಿಲಿನಲ್ಲಿ ಬಿಚ್ಚಿದೆವು, ಜೂನಿನೊಳಗೆ ಮುಚ್ಚಬೇಕು. ಮೇಲಿನ ಪದರಗಳಲ್ಲಿ ಗುಟ್ಕಾ ಚೀಟಿ, ಸೋಡಾ ಬಾಟಲಿಯ ಮುಚ್ಚಳ. ಕೆಳಗಿಳಿದಂತೆ ಬಳೆಯ ಚೂರು, ಒಂದು ಮಣ್ಣಿನ ಬಸವಣ್ಣ, ಚಾರ್‌ಮಿನಾರಿನ ಚಿತ್ರವಿದ್ದ ನಿಜಾಮನ ಒಂದು ನಾಣ್ಯ. ಮಣ್ಣು ಹೊರುವಾಗ ಯಾರದೋ ಸೊಂಟದಿಂದ ಜಾರಿದ್ದಿರಬೇಕು. ಆಗ ಎಷ್ಟು ಹುಡುಕಿದರೋ. ತಳದಲ್ಲಿ ಬೇವಿನ ಸೊಪ್ಪು ಪುಡಿಯಾಗಿ ನಶ್ಯದಂತಾಗಿತ್ತು. ಎಂಟು ಜಂತಿ ಬದಲಿಸಿದೆವು, ಒಂದು ಕಂಬದ ಬುಡ ಕೊಯ್ದು ಹೊಸ ಮರ ಬೆಸೆದೆವು. ಮತ್ತೆ ಚಿಲಕೆ, ತೊಗರಿ ಕಟ್ಟಿಗೆ, ಬೇವು. ಅದರ ಮೇಲೆ ಒಂದು ಹಾಳೆ ಪ್ಲಾಸ್ಟಿಕ್, ಇದೂ ಅಪಚಾರವೇ. ಅದರ ಮೇಲೆ ಕರ್ಲು ಮಣ್ಣು, ಬರೇ 8 ಇಂಚು. ಓವರ್‌ಸಿಯರ್ ಕುಂಬಿಯ ಒಳಬದಿಯಲ್ಲಿ ಕೆಂಪು ಬಣ್ಣದ ಗೆರೆ ಎಳೆದರು. ಇನ್ನು ಮುಂದೆ ಯಾರಿಗೆ ಎಷ್ಟೇ ಪ್ರೀತಿ ಬಂದರೂ ಮಣ್ಣು ಆ ಗೆರೆ ದಾಟುವ ಹಾಗಿಲ್ಲ.

ಉಳ್ಳಾಲದ ಗೆಳೆಯನಿಗೆ ಫೋನಿನಲ್ಲಿ ಹೇಳಿದೆ: ನಿನ್ನ ಮನೆ ತಿನ್ನುವ ಉಪ್ಪೇ ನನ್ನ ಮನೆ ಕಾಯುತ್ತದೆ ಮಾರಾಯ. ಅವನು ಆ ವರ್ಷ ಕಡಲು ಅಂಗಳದ ತನಕ ಬಂದ ಕಥೆ ಹೇಳಿದ.

ಮೊದಲ ಮಳೆ ಬಂದದ್ದು ಜೂನಿನ ನಡುವೆ, ರಾತ್ರಿ. ಒಳಗೆ ಒಬ್ಬನೇ ಮಲಗಿದ್ದೆ. ಮಳೆಯ ಸದ್ದೇ ಇಲ್ಲ! ಅಂಗಳದ ತಗಡಿನ ಮೇಲೆ ಕಲ್ಲು ಸುರಿದಂತೆ ಆರ್ಭಟ, ಇಲ್ಲಿ ಮಾತ್ರ ಯಾರೋ ದೂರದಲ್ಲಿ ಜೋಳ ಕೇರುತ್ತಿರುವಂತೆ. ಮಾಳಿಗೆಯ ದೋಣಿಯಿಂದ ನೀರು ಅಂಗಳಕ್ಕೆ ಧುಮುಕುವುದು ಕೇಳಿದಾಗಲೇ ನಿಜವಾದ ಮಳೆ ಎಂದು ಗೊತ್ತಾದದ್ದು. ಟಾರ್ಚು ಹಿಡಿದು ಐದೂ ಅಂಕಣ ತಿರುಗಿದೆ. ಒಂದು ಕಡೆ, ದೇವರ ಜಗುಲಿಯ ಮೇಲೆ, ತೊಟ್ಟಿಕ್ಕುತ್ತಿತ್ತು. ಬೆಳಿಗ್ಗೆ ಗೌಂಡಿ ಬಂದು ನೋಡಿ, "ಅಷ್ಟು ದೇವರಿಗಿರಲಿ" ಎಂದ. ಸರಿ ಮಾಡಲು ಅವನಿಗೆ ಮತ್ತೆ ಎರಡು ವಾರ ಬೇಕಾಯಿತು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಹೆಂಡತಿಯೂ ನಾನೂ ಊರಲ್ಲೇ ಸಿಕ್ಕಿಬಿದ್ದೆವು. ಮಹಾರಾಷ್ಟ್ರ-ಕರ್ನಾಟಕದ ನಡುವೆ ಪೊಲೀಸರು ಮುಳ್ಳು ಹಾಕಿ ದಾರಿ ಕಟ್ಟಿದ್ದರು. ನಮ್ಮ ಸೀಮೆಯಲ್ಲಿ ಗಡಿ ಎನ್ನುವುದು ಕಣ್ಣಿಗೆ ಕಂಡದ್ದು ನನಗೆ ಆಗಲೇ. ಹಳೆ ಮನೆಯ ರುಚಿ ಹತ್ತಿದ್ದು ಆ ಬೇಸಿಗೆಯಲ್ಲಿ. ಏಪ್ರಿಲ್ ಕೊನೆಗೆ ಹೊರಗೆ ಕಾದ ಹೆಂಚು. ಒಳಗೆ ಕಾಲಿಟ್ಟರೆ ಕೊಡದ ತಣ್ಣೀರು ಕುಡಿದ ಹಾಗೆ. ಆ ದಪ್ಪ ಗೋಡೆ ಹಗಲಿನ ಬಿಸಿಲನ್ನು ಕುಡಿಯುತ್ತಲೇ ಇರುತ್ತದೆ, ಒಳಕ್ಕೆ ಬಿಡುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ರಾತ್ರಿ ನಾವು ಮಾಳಿಗೆಯ ಮೇಲೆ. ಹಾಸಿಗೆ ಹೊತ್ತು ಮೇಲೇರಿದರೆ ಸುತ್ತ ನಾಲ್ಕು ಹರದಾರಿಯ ಎರಿ ಹೊಲ, ಕತ್ತಲಲ್ಲಿ ಒಂದೇ ಮಟ್ಟ. ಲಾರಿಗಳ ಓಡಾಟ ನಿಂತಿದ್ದರಿಂದ ನಾಯಿ ಬೊಗಳಿದರೆ ಯಾವ ಊರಿನ ನಾಯಿ ಎಂದು ಗುರುತು ಹಿಡಿಯಬಹುದಿತ್ತು. ಮಧ್ಯಾಹ್ನ ಓಣಿಯ ಸಿಮೆಂಟು ಖೋಲಿಗಳಿಂದ ಒಬ್ಬೊಬ್ಬರೇ ಮುದುಕರು, "ಏನ್ ಮಾಡಕತ್ತೀಯೋ" ಎನ್ನುವ ನೆಪದಲ್ಲಿ ಬಂದು ಪಡಸಾಲೆಯ ಕಂಬಕ್ಕೆ ಒರಗುತ್ತಿದ್ದರು. ಮೊದಲು ಬಾಗಿಲ ಹತ್ತಿರ. ನಾಲ್ಕು ದಿನ ಬಿಟ್ಟು ಒಂದು ಕಂಬ ಒಳಗೆ. ಬರುವಾಗಲೂ ಹೋಗುವಾಗಲೂ ಮೇಲೆ, ಜಂತಿಯ ಕಡೆ, ಒಂದು ನೋಟ. ಯಾರಿಗೂ ಅದರ ಅರಿವಿರಲಿಲ್ಲ.

ಅವ್ವ ಬರುತ್ತಿರಲಿಲ್ಲ. ಆಗ ಅವಳಿಗೆ ಎಂಬತ್ತು. ತಗಡಿನ ಕೋಣೆಯಲ್ಲಿ ಬೆವರುತ್ತ ಬೀಸಣಿಗೆ ಬೀಸಿಕೊಳ್ಳುವಳು. ಊಟ ಒಳಗೆ ಬಡಿಸಿದರೆ ತಾಟು ಎತ್ತಿಕೊಂಡು ಕಟ್ಟೆಗೆ ಹೋಗುವಳು. ಕರೆದರೆ, "ನೀವಿರ್ರಿ, ನನಗಿಲ್ಲೇ ಗಾಳಿ ಚಲೋ ಅದ." ಸರಳು, ಪಟ್ಟಿ, 8 ಇಂಚು, ಎಲ್ಲ ವಿವರಿಸಿದೆ. ಕೇಳಿಸಿಕೊಂಡಳು. "ಆ ಸಾಯಬರು ಕಂಪ ಆಗೂ ಮೊದಲ ಎಲ್ಲಿದ್ದರೋ?" ಎಂದಳು. ಓವರ್‌ಸಿಯರರ ಬಗ್ಗೆ. ಉತ್ತರ ನನ್ನ ಹತ್ತಿರ ಇರಲಿಲ್ಲ.

ಮರುವರ್ಷದ ಜನವರಿಯಲ್ಲಿ, 2021ರ 13ಕ್ಕೆ, ಎಳ್ಳಮಾಸೆ. ಇದು ನಮ್ಮ ಸೀಮೆಯ ದೊಡ್ಡ ಹಬ್ಬ. ಮರಾಠಿ ಮಾತಾಡುವವರೂ ಇದನ್ನು ಯೆಳವಸ್ ಎನ್ನುತ್ತಾರೆ, ಆ ಯೆಳ ನಮ್ಮ ಎಳ್ಳೇ ಎಂದು ಜಗಳವಾಡಲು ನಾನು ಸದಾ ಸಿದ್ಧ. ಅವರು ಮಾಡುವ ಉಂಡೆಗೂ ಉಂಡೆ ಎಂದೇ ಹೆಸರು. ಆ ದಿನ ಊರಿನಲ್ಲಿ ಕಾಗೆಯೂ ಇರುವುದಿಲ್ಲ, ಎಲ್ಲರೂ ಹೊಲದಲ್ಲಿ. ಭಜ್ಜಿ, ಆಂಬೀಲು, ಸಜ್ಜೆಯ ರೊಟ್ಟಿ. ಚರಗ ಚೆಲ್ಲಿ, ಹೊಟ್ಟೆ ಬಿರಿಯೆ ಉಂಡು, ಪುಣೆಯಿಂದ, ಕಲಬುರಗಿಯಿಂದ ಬಂದ ಮಕ್ಕಳು ಮೊಮ್ಮಕ್ಕಳೆಲ್ಲ ಸಂಜೆ ಮನೆಗೆ ಬಂದೆವು. ಮೊಮ್ಮಕ್ಕಳು ಐದೂ ಅಂಕಣ ಹಿಡಿದು ಹಾಸಿಗೆ ಹರವಿದರು. ಎಲ್ಲರಿಗೂ ಜಾಗ ಸಾಲದೆ ದೊಡ್ಡ ಮಗನ ಕುಟುಂಬ ತಗಡಿನ ಕೋಣೆಗೆ ಹೋಯಿತು. ಅವ್ವನ ಮಂಚ ಎಲ್ಲಿ? ಚಳಿ ಬೇರೆ. ಮೊಮ್ಮಗಳು ಯಾರನ್ನೂ ಕೇಳದೆ ಮಂಚವನ್ನು ತಲಬಾಗಿಲ ಹೊಸ್ತಿಲ ಒಳಗೆ, ಪಡಸಾಲೆಯ ಮೊದಲ ಅಂಕಣಕ್ಕೆ ಎಳೆದು ತಂದಳು. ಅವ್ವ ನಿಂತು ನೋಡಿದಳು. ಬಾಗಿಲು ಮುಚ್ಚಬಾರದು ಎಂದಷ್ಟೇ ಹೇಳಿದಳು. ತೆರೆದ ಬಾಗಿಲಿನಿಂದ ಗಾಳಿ ಕೊರೆಯುತ್ತಿತ್ತು, ಯಾರೂ ಚಕಾರವೆತ್ತಲಿಲ್ಲ.

ಮಲಗುವ ಮುಂಚೆ ಅವಳು ದಿನವೂ ಮಾಡುವ ಒಂದು ಕೆಲಸವಿದೆ. ಸ್ಟೀಲಿನ ಲೋಟವನ್ನು ಬೋರಲು ಹಾಕಿ ಅದರ ಮೇಲೆ ಹಿತ್ತಾಳೆಯ ತಂಬಿಗೆ ಇಡುತ್ತಾಳೆ, ತಲೆದೆಸೆಗೆ, ಬರಿಯ ನೆಲದ ಮೇಲೆ. 1993ರಿಂದ ಒಂದು ರಾತ್ರಿಯೂ ತಪ್ಪಿಲ್ಲ. ನೆಲ ಅದುರಿದರೆ ತಂಬಿಗೆ ಬೀಳುತ್ತದೆ, ಬಿದ್ದರೆ ಎಚ್ಚರ. ಆಗ ಊರಿನ ಬಹಳ ಮನೆಗಳಲ್ಲಿ ಹೀಗೆ ಇಡುತ್ತಿದ್ದರು, ಈಗ ಅವಳೊಬ್ಬಳೇ. ಅವತ್ತು ಶಹಾಬಾದ್ ಕಲ್ಲಿನ ಮೇಲೆ ಇಟ್ಟಳು, ಎರಡು ಸಲ ಮುಟ್ಟಿ ನೋಡಿದಳು.

ಎಷ್ಟು ಹೊತ್ತಾಗಿತ್ತೋ. ತಂಬಿಗೆ ಬಿತ್ತು. ಕಲ್ಲಿನ ಮೇಲೆ ಹಿತ್ತಾಳೆ ಬಿದ್ದರೆ ಐದು ಅಂಕಣಕ್ಕೂ ಕೇಳುತ್ತದೆ. ನಾನು ಎದ್ದು ಓಡಿದ್ದು ನೆನಪಿಲ್ಲ. ಅಂಗಳದ ನಡುವೆ ಬರಿಗಾಲಲ್ಲಿ ನಿಂತಿದ್ದೆ, ಎದೆ ನಗಾರಿ. 1993ರಲ್ಲಿ ಇಲ್ಲದಿದ್ದವನು. ಅವ್ವ ನನಗಿಂತ ಮೊದಲೇ ಅಲ್ಲಿದ್ದಳು, ಎಂಬತ್ತರ ಮುದುಕಿ ಯಾವಾಗ ಎದ್ದು ಬಂದಳೋ. ಇಬ್ಬರೂ ಮಾತಿಲ್ಲದೆ ಮನೆಯನ್ನೇ ನೋಡುತ್ತ ನಿಂತೆವು. ಒಳಗೆ ಮಕ್ಕಳ ಗೊರಕೆ. ತೆರೆದ ಬಾಗಿಲಿನಿಂದ ಬೆಕ್ಕೊಂದು, ಬಾಯಲ್ಲಿ ಹಬ್ಬದ ಉಂಡೆಯ ಚೂರು ಹಿಡಿದು, ನಮ್ಮ ಕಡೆ ನೋಡಿಯೂ ನೋಡದಂತೆ ಹೊರಗೆ ಬಂತು.

ಅವ್ವ ಅದಕ್ಕೊಂದು ಬೈಗುಳ ಬೈದಳು. ಸೆರಗು ಹೊದ್ದುಕೊಂಡು, "ಥಂಡಿ ಅದ, ನಡಿ ಒಳಗ" ಎಂದಳು. ನನ್ನ ಕಾಲು ಏಳಲಿಲ್ಲ. ಅವಳು ಹೊಸ್ತಿಲು ದಾಟಿ, ಕತ್ತಲಲ್ಲೇ ತಡಕಾಡಿ ತಂಬಿಗೆ ಹುಡುಕಿ, ಲೋಟದ ಮೇಲೆ ಮತ್ತೆ ಇಡುತ್ತಿರುವ ಸದ್ದು ಕೇಳಿಸಿತು.